ಬಕೆಟ್ಟಿನಲ್ಲಿ ಅಳೆದ ಬಿಸಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಇಲವಾಲದಿಂದ ಒಬ್ಬ ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದ. ಕರಾವಳಿಯ ಒಂದು ವಿದ್ಯುತ್ ಸ್ಥಾವರದಲ್ಲಿ ನಾನು ಕೆಮಿಸ್ಟ್ ಆಗಿದ್ದಾಗ ನನ್ನ ಕೈಕೆಳಗೆ ಗುತ್ತಿಗೆಯ ಮೇಲೆ ದುಡಿದವನು. ನಾನು ನಿವೃತ್ತನಾಗಿ ಮೈಸೂರಿಗೆ ಬಂದೆ. ಅವನು ಅದಕ್ಕೂ ಮೊದಲೇ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದ.

"ಮೇಟಗಳ್ಳಿ ಫ್ಯಾಕ್ಟ್ರಿಯೊಂದ್ರಲ್ಲಿ ಲ್ಯಾಬ್ ಕೆಲ್ಸಕ್ಕೆ ಅರ್ಜಿ ಆಕಿದ್ದೀನಿ ಸಾರ್. ಹಳೇ ಕೆಲ್ಸ ಯಾಕೋಯ್ತು ಅಂತ ಕೇಳುದ್ರು. ನಿಮ್ ನಂಬರ್ ಕೊಟ್ಬುಟ್ಟಿದ್ದೀನಿ. ಫೋನ್ ಮಾಡುದ್ರೆ ನಡೆದಿದ್ನ ನಡೆದಂಗೇ ಹೇಳ್ಬುಡಿ, ಸಾಕು."

ನಡೆದದ್ದು ಇಷ್ಟು. ಸ್ಥಾವರ ಸಮುದ್ರದ ನೀರನ್ನು ಎಳೆದು, ಯಂತ್ರಗಳ ಬಿಸಿಯನ್ನು ಅದಕ್ಕೆ ದಾಟಿಸಿ, ಕಾಲುವೆಯ ಮೂಲಕ ಮತ್ತೆ ಸಮುದ್ರಕ್ಕೆ ಬಿಡುತ್ತಿತ್ತು. ಹೊರಬೀಳುವ ನೀರಿನ ಬಿಸಿಗೆ ಒಂದು ಮಿತಿಯಿತ್ತು. ಮೀರಿದರೆ ಉತ್ಪಾದನೆ ತಗ್ಗಿಸಬೇಕು. ಅಳೆಯುವ ರೀತಿ ನನಗೂ ಹಿಂದಿನವರಿಂದ ಬಂದದ್ದು. ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ಸೇದಿ, ಮೆಟ್ಟಿಲು ಹತ್ತಿ ಲ್ಯಾಬಿಗೆ ತಂದು, ಫ್ಯಾನಿನ ಕೆಳಗಿಟ್ಟು, ರಿಜಿಸ್ಟರಿನಲ್ಲಿ ದಿನಾಂಕ ಬರೆದು, ಆಮೇಲೆ ಥರ್ಮಾಮೀಟರ್ ಅದ್ದುವುದು. ಅಷ್ಟು ಹೊತ್ತಿಗೆ ನೀರು ನಿಯಮ ಪಾಲಿಸುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಇವನು ಕಾಲುವೆಯ ಅಂಚಿಗೆ ಇಳಿದು, ಹರಿಯುವ ನೀರಿಗೇ ಥರ್ಮಾಮೀಟರ್ ಬಿಟ್ಟು, ಕಂಡದ್ದನ್ನು ಬರೆದ. ಮಿತಿಗಿಂತ ಎರಡು ಡಿಗ್ರಿ ಹೆಚ್ಚು. ಮೂರೋ ಏನೋ. ವಿಚಾರಣೆ ನಡೆಯಿತು. ಥರ್ಮಾಮೀಟರ್ ಓದಲು ಬಾರದವನೆಂದು ಅವನನ್ನು ತೆಗೆದರು. ಆ ವರದಿಯಲ್ಲಿ ನನ್ನ ಸಹಿಯೂ ಇದೆ.

"ನೀವೂ ನನ್ ಪಕ್ಕದಲ್ಲೇ ಇದ್ರಿ ಸಾರ್. ಬಗ್ಗಿ ನೋಡಿ, ಸರಿಯಾಗೇ ಓದಿದ್ದೀಯ ಕಣೋ ಅಂದ್ರಿ."

ಅಂದೆನೇ? ಕಾಲುವೆಯ ಕಂಬಿಗೆ ಹಿಡಿದ ತುಕ್ಕು ನೆನಪಿದೆ, ಅಂಗೈಗೆ ತಾಗಿದ ಅದರ ಕಾವು ನೆನಪಿದೆ. ಗಾಜಿನೊಳಗಿನ ಪಾದರಸದ ಗೆರೆ ಮಾತ್ರ ಕಾಣುವುದಿಲ್ಲ.

"ನೆನಪನ್ನ ನಂಬೋಕಾಗಲ್ಲಪ್ಪ," ಎಂದೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದೆಲ್ಲ ನೆರವಿಗೆ ಬಂತು. "ಹತ್ತು ಸಲ ಹೇಳ್ಕೊಂಡ್ರೆ ನಡೆಯದೇ ಇದ್ದದ್ದೂ ನಡೆದ ಹಾಗೆ ಕಾಣುತ್ತೆ. ನಿನಗೂ ಅಷ್ಟೆ, ನನಗೂ ಅಷ್ಟೆ."

"ಸಹಿ ಆಕಿದ್ದು ನೆನ್ಪೈತಾ ಸಾರ್?"

"ಇದೆ."

"ಅದೊಂದು ಎಂಗೆ ಉಳ್ಕತ್ತು?"

ಅವನು ನಕ್ಕ. ನಾನೂ ನಕ್ಕೆ. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು ಎದ್ದವನು ಬಾಗಿಲಲ್ಲಿ ನಿಂತು, "ಬಕೆಟ್ಟಿನ ವಿಷ್ಯ ಬ್ಯಾಡ. ನಂಗೆ ಥರ್ಮಾಮೀಟರ್ ಓದಕ್ಕೆ ಬತ್ತದೆ, ಅಷ್ಟ್ ಹೇಳಿ ಸಾರ್," ಎಂದ. ಆಗಲಿ ಎಂದೆ.

ಮನೆಯಲ್ಲೇ ಒಂದು ಬಕೆಟ್ ಬಿಸಿನೀರು ತುಂಬಿ, ಮಹಡಿಗೆ ಹೊತ್ತು, ಎಷ್ಟು ಆರುತ್ತದೆಂದು ನೋಡಬಹುದಿತ್ತು. ದೇವರನ್ನು, ಜ್ಯೋತಿಷ್ಯವನ್ನು, ಪತ್ರಿಕೆಯ ಸುದ್ದಿಯನ್ನು ಪರೀಕ್ಷೆಯಿಲ್ಲದೆ ಒಪ್ಪದ ನಾನು ಅದೊಂದು ಪರೀಕ್ಷೆ ಮಾಡಲಿಲ್ಲ.

ಬುಧವಾರ ಫ್ಯಾಕ್ಟರಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಅವನ ನಡತೆ, ಹಾಜರಿ ಎಲ್ಲ ವಿಚಾರಿಸಿ ಕೊನೆಗೆ, "ಅವರು ತೆಗೆದ ರೀಡಿಂಗ್ ನಂಬಬಹುದಾ ಸಾರ್?" ಎಂದರು.

ಹೌದೆಂದರೆ ನನ್ನ ಸಹಿ ಸುಳ್ಳಾಗುತ್ತಿತ್ತು. "ಶ್ರದ್ಧೆಯ ಮನುಷ್ಯ. ರೀಡಿಂಗ್ ವಿಷಯ... ತುಂಬಾ ವರ್ಷ ಆಯ್ತಮ್ಮ, ಖಚಿತವಾಗಿ ಹೇಳೋಕಾಗಲ್ಲ," ಎಂದೆ. ಅವರು, "ಸರಿ ಸಾರ್, ಗೊತ್ತಾಯ್ತು," ಎಂದು ಫೋನ್ ಇಟ್ಟರು. ಏನು ಗೊತ್ತಾಯಿತೆಂದು ನನಗೂ ಗೊತ್ತಿತ್ತು.

ಶನಿವಾರ ಅವನ ಕರೆ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೆಲ್ಸ ಬೇರೆಯೋರ್ಗಾಯ್ತು ಸಾರ್. ನಿಮ್ಗೆ ಫೋನ್ ಬಂದಿತ್ತಾ?"

"ಬಂದಿತ್ತು."

"ಏನಂದ್ರಿ?"

"ನೆನಪಿದ್ದಷ್ಟು ಹೇಳಿದೆ."



"ಆಯ್ತು ಬುಡಿ ಸಾರ್," ಎಂದ. "ಅವತ್ತು ಕಾಲ್ವೆ ತಾವ ನಾನೊಬ್ನೇ ಇದ್ದೆ ಅಂದ್ಕತೀನಿ."