ಗೋಣಿತಟ್ಟು ಎತ್ತಿದವರು

ಇಲ್ಲ, ಹಸಿರು ಬಳೆ ತೊಟ್ಟ ಕೈಯೊಂದು ಬಂದು ಆ ಗೋಣಿತಟ್ಟನ್ನು ಎತ್ತಿತು ಅನ್ನುವುದು ನಿಜವಿರಲಿಕ್ಕಿಲ್ಲ. ಈ ನೆನಪು ನನಗೆ ತೀರಾ ಅನುಕೂಲಕರವಾಗಿದೆ. ತಟ್ಟಿನ ಮೇಲೆ ಕೂತು ಪಲ್ಯೆ ಮಾರುತ್ತಿದ್ದ ಮುದುಕಿ ಬಳೆ ತೊಟ್ಟಿದ್ದಳೋ ಇಲ್ಲವೋ, ಅದೂ ಖಾತ್ರಿಯಿಲ್ಲ.

ಖಾತ್ರಿಯಿರುವುದು ನನ್ನ ಫೋಟೋ ಯೋಜನೆಯೊಂದೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ: ನಾಲ್ಕು ಊರುಗಳ ಬೀದಿಗಳು, ಯಾವ ಚಿತ್ರದಲ್ಲೂ ಮನುಷ್ಯರಿರಬಾರದು. ಊರನ್ನು ಬರೀ ಊರಾಗಿ ನೋಡಬೇಕು ಎಂದು ಬರೆದಿಟ್ಟುಕೊಂಡಿದ್ದೆ. ಆ ಮಾತಿನ ಅರ್ಥ ಈಗ ನನಗೇ ಆಗುವುದಿಲ್ಲ. ಕೊಪ್ಪಳದ ಬಂಡೆಯ ಕೆಳಗಿನ ಮನೆಗಳು, ಗಂಗಾವತಿಯ ಅಕ್ಕಿ ಗಿರಣಿಗಳು ಮುಗಿದಿದ್ದವು. ಕುಷ್ಟಗಿಯಲ್ಲಿ ನನಗೆ ಬೇಕಿದ್ದದ್ದು ಕಾಯಿಪಲ್ಯೆ ಮಾರುವ ರಸ್ತೆಯ ಹಳೆಯ ಗೋದಾಮಿನ ನೀಲಿ ಗೋಡೆ. ಬೆಳಗಿನ ಬಿಸಿಲು ಅದರ ಮೇಲೆ ಓರೆಯಾಗಿ ಬೀಳುತ್ತಿತ್ತು.

ವಿಧಾನ ಸರಳ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದರೆ ಅದು ಹತ್ತು ಸೆಕೆಂಡಿಗೊಮ್ಮೆ ತಾನೇ ಚಿತ್ರ ತೆಗೆಯುತ್ತದೆ. ಆಮೇಲೆ ಕಂಪ್ಯೂಟರು ಎಲ್ಲ ಚಿತ್ರಗಳನ್ನೂ ಸೇರಿಸಿ, ಕದಲದೆ ಇದ್ದದ್ದನ್ನು ಮಾತ್ರ ಉಳಿಸುತ್ತದೆ. ನಡೆಯುವವರು, ಬೈಕಿನವರು, ಹಂದಿಗಳು ಮಾಯ. ಕೂತಲ್ಲೇ ಕೂತವರು ಮಾತ್ರ ಹೋಗುವುದಿಲ್ಲ. ಕ್ಯಾಮೆರಾ ಆಗಲೇ ಓಡುತ್ತಿತ್ತು; ಆದರೆ ಆ ಗೋಡೆಯ ಬುಡದಲ್ಲಿ ಪುಂಡಿಪಲ್ಯೆಯ ಸೊಪ್ಪು ಮಾರುವ ಮುದುಕಿ ಕೂತಿದ್ದಳು.

"ಯವ್ವಾ, ಅರ್ಧಾ ತಾಸು ಆ ಕಡಿ ಕುಂದರ್ತಿಯೇನು? ಗ್ವಾಡಿ ಫೋಟೋ ತಗೀಬೇಕು."

"ಯಾಕಪಾ, ಗ್ವಾಡಿಕಿಂತ ನನ್ನ ಮಾರಿ ಕೆಟ್ಟೈತೇನು?"

ಪಕ್ಕದ ಲಿಂಬೆಹಣ್ಣಿನವನು ನಕ್ಕ. "ಏ ಆಯಿ, ಎದ್ದೇಳು. ನಿನ್ನ ಮಾರಿ ನೋಡಿ ಕ್ಯಾಮೆರಾ ಒಡದೀತಂತ ಅಂಜ್ಯಾರ ಸಾಹೇಬ್ರು."

ನಾನೂ ನಕ್ಕೆ. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. ಬುಟ್ಟಿ ಹೊತ್ತು ಚರಂಡಿಯ ಪಕ್ಕ ಹೋಗಿ ಕೂತಳು. ಹಾಸಿಕೊಂಡಿದ್ದ ಗೋಣಿತಟ್ಟನ್ನು ಮಾತ್ರ ಅಲ್ಲೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಗೋಡೆಯ ಕೆಳಗೆ ತಟ್ಟಿರಲಿಲ್ಲ; ನನ್ನ ಸ್ಟ್ಯಾಂಡಿನ ಬದಿಗೆ ಮಡಚಿ ಬಿದ್ದಿತ್ತು.

ನಾನು ಕ್ಯಾಮೆರಾ ಬಿಚ್ಚುವಷ್ಟರಲ್ಲಿ ಕೊತ್ತಂಬರಿ ಮಾರುವವಳೊಬ್ಬಳು ಅಲ್ಲಿ ತನ್ನ ತಟ್ಟು ಹಾಸಿ ಕೂತಿದ್ದಳು. ಮುದುಕಿ ಬಂದು ನಿಂತಳು.

"ಏಳ ನಮ್ಮವ್ವಾ, ಅದು ನನ್ನ ಜಾಗ."

"ತಟ್ಟು ಎತ್ತಿ ಹೋಗಿ, ಈಗ ಜಾಗ ಅಂತಿ?"

"ನಾ ಎತ್ತಿಲ್ಲ. ಈ ಫೋಟೋದಾವ ಎತ್ಯಾನ."

ಲಿಂಬೆಹಣ್ಣಿನವನು ನನ್ನ ಕಡೆ ತಿರುಗಿದ. ಈಗ ನಗುತ್ತಿರಲಿಲ್ಲ. "ನೋಡ್ರಿ, ತಟ್ಟು ತಾನ ಎತ್ತಿದ್ರ ಜಾಗ ಬಿಟ್ಟಂಗ. ಬ್ಯಾರೇದವ್ರು ಎತ್ತಿದ್ರ ಅದು ನಡಿಯಂಗಿಲ್ಲ. ನೀವ ಹೇಳ್ರಿ, ಯಾರು ಎತ್ತಿದ್ರು?"

ಬಿಸಿಲು ಏರಿ ಬಿಳುಚುವ ಮೊದಲು ನಾನು ಯಲಬುರ್ಗಾ ಸೇರಬೇಕಿತ್ತು. "ಆಕಿನ ಎತ್ತಿದ್ಲು," ಅಂದೆ.

ಮುದುಕಿ ಬೈಯಲಿಲ್ಲ ಎಂದು ಬರೆಯಹೊರಟಿದ್ದೆ. ಬೈದಳು. "ನಿನ್ನ ಕಣ್ಣ ಇಂಗಿ ಹೋಗ್ಲಿ" ಅಂದಳು. ಕೊತ್ತಂಬರಿಯವಳು ಮುದುಕಿಯ ತಟ್ಟನ್ನು ಕಾಲಿನಿಂದ ಅವಳತ್ತ ತಳ್ಳಿದಳು. ನಾನು ಗಾಡಿ ಹತ್ತಿದೆ.

ಮನೆಯಲ್ಲಿ ಎಡಿಟ್ ಮಾಡಲು ಕೂತಾಗ ಮುದುಕಿಯೋ ತಟ್ಟೋ ಇನ್ನೂ ಗೋಡೆಯ ಕೆಳಗಿದ್ದ ಮೊದಲ ಚಿತ್ರಗಳನ್ನೆಲ್ಲ ನೋಡದೆ ಅಳಿಸಿದೆ. ಡಿಸ್ಕಿನಲ್ಲಿ ಜಾಗ ಕಡಿಮೆಯಿತ್ತು. ತಟ್ಟು ಎತ್ತಿದ ಕೈ ಅವುಗಳಲ್ಲೇ ಎಲ್ಲೋ ಇತ್ತು. ಉಳಿದವನ್ನು ಸೇರಿಸಿದಾಗ ಗೋಡೆ ನಿರ್ಮಲವಾಗಿ ಬಂತು. ಕೆಳಗೆ ಚೌಕಾಕಾರದ ಒಂದು ಒದ್ದೆ ಕಲೆ ಮಾತ್ರ ಉಳಿದಿತ್ತು. ಪಲ್ಯೆ ಬಾಡದಿರಲೆಂದು ಆಕೆ ಚಿಮುಕಿಸಿದ ನೀರು. ಪಕ್ಕದ ಒಣ ಮಣ್ಣನ್ನು ನಕಲು ಮಾಡಿ ಅದನ್ನೂ ಮುಚ್ಚಿದೆ. ಕೆಲಸ ಚೆನ್ನಾಗಿ ಬಂದಿದೆ ಎಂದು ಖುಷಿಪಟ್ಟದ್ದಂತೂ ಸ್ಪಷ್ಟವಾಗಿ ನೆನಪಿದೆ.

ಕೆಲವು ತಿಂಗಳ ಮೇಲೆ ಪ್ರಿಂಟು ಹಿಡಿದು ಕುಷ್ಟಗಿಗೆ ಹೋದೆ. ಕೊತ್ತಂಬರಿಯವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಛಲೋ ಐತ್ರಿ. ಊರಾಗ ಯಾರರ ಸತ್ತಿದ್ರೇನು ಅವತ್ತು?"

ಮುದುಕಿ ಎಲ್ಲಿ ಎಂದು ಕೇಳಿದೆ.

"ಒಂದ್ ವಾರ ಗಟಾರದ ಬಾಜೂಕ ಕುಂತ್ಲು. ಆ ನಾತಕ್ಕ ಪಲ್ಯೆ ಯಾರ್ ತಗೊಂತಾರ್ರಿ? ಆಮ್ಯಾಲ ಬರಲಿಲ್ಲ." ಪ್ರಿಂಟು ವಾಪಸು ಕೊಟ್ಟು ಕೊತ್ತಂಬರಿಗೆ ನೀರು ಚಿಮುಕಿಸತೊಡಗಿದಳು.

ಲಿಂಬೆಹಣ್ಣಿನವನು ನನ್ನನ್ನು ಗುರುತಿಸಲಿಲ್ಲ, ಅಥವಾ ಗುರುತಿಸಿಯೇ ಮುಖ ತಿರುಗಿಸಿದ.

ಮುದುಕಿಯ ಹೆಸರು ನಾನು ಕೇಳಿರಲಿಲ್ಲ. ಈಗ ಎಲ್ಲಿ ಕೂರುತ್ತಾಳೋ, ಕೂರುತ್ತಾಳೋ ಇಲ್ಲವೋ ತಿಳಿಯದು. ತಟ್ಟನ್ನು ಎತ್ತಿದ್ದು ನಾನೋ ಆಕೆಯೋ, ಅದೂ ನನಗೆ ಗೊತ್ತಿಲ್ಲ. ಅವತ್ತು ಉತ್ತರ ಹೇಳುವಾಗ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.