ನರದೊಳಗಿನ ಊಟ

ಎರಡನೇ ಮಹಾಯುದ್ಧ ಮುಗಿದ ಹೊಸತು. ಅವ್ವ ಕರುಳಿನ ಆಪರೇಷನ್ ಆಗಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಇಚಲಕರಂಜಿಯ ಮಗ್ಗಗಳನ್ನು ನಿಲ್ಲಿಸಿ ಅಪ್ಪ ಬಂದು ಕೂತಿದ್ದ. ನಾನು ಗಂಡನ ಮನೆಯಿಂದ ಬಂದಿದ್ದೆ. ಅವ್ವ ದಿನದಿನಕ್ಕೆ ಹಾಸಿಗೆಗೆ ಅಂಟಿಕೊಳ್ಳುತ್ತಿದ್ದಳು. ಮೈಯಲ್ಲಿ ಸತ್ವವೇ ಇಲ್ಲದ ಮೇಲೆ ಗಾಯ ಹೇಗೆ ಕೂಡಬೇಕು?

ಡಾಕ್ಟರು ಗಡಹಿಂಗ್ಲಜ ಕಡೆಯವರು, ನಮ್ಮ ಮಾತೇ ಆಡುವವರು. ಮುಂಬಯಿಯಿಂದ ಪರದೇಶದ ಎರಡು ಬಗೆಯ ಬಾಟಲಿ ತರಿಸಿದ್ದರು. ಪ್ರೋಟೀನನ್ನು ಮೊದಲೇ ಅರಗಿಸಿ ನೇರ ನರಕ್ಕೆ ಬಿಡುವಂಥದ್ದು. ಒಂದು ಹಾಲಿನಿಂದ ಮಾಡಿದ್ದು, ಇನ್ನೊಂದು ದನದ ರಕ್ತದಿಂದ. ಹಾಲಿನದನ್ನು ಜೋರಾಗಿ ಬಿಟ್ಟರೆ ವಾಂತಿ, ನಡುಕ; ಹಗಲೂ ರಾತ್ರಿ ಹನಿಹನಿಯಾಗಿ ಇಳಿಸಬೇಕು. ರಕ್ತದ್ದು ಮೈಗೆ ಬೇಗ ಒಗ್ಗುತ್ತದೆ, ಹಗಲೊಳಗೇ ಮುಗಿಸಬಹುದು ಎಂದರು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಹಾಲು ಹಾಕದ ತಿಳಿ ಚಹದ ಬಣ್ಣ. ನನಗೇನೂ ಫರಕು ಕಾಣಲಿಲ್ಲ.

ರಕ್ತ ಎಂದದ್ದೇ ತಡ, ಅಪ್ಪ ಎದ್ದು ಹೊರಗೆ ಹೋದ. ನಾವು ಜೈನರು, ಗಡ್ಡೆ ಗೆಣಸೂ ಮುಟ್ಟದ ಮನೆಯವರು. ಹಾಲಿನದಕ್ಕೂ ಅವ್ವ ಕೈ ಕೊಡಲಿಲ್ಲ; ಪರದೇಶದ ಔಷಧ ಎಂದರೆ ಅವಳಿಗೆ ಸಂಶಯ. ಆಗ ಡಾಕ್ಟರ ಬಾಯಿಂದ ಒಂದು ಮಾತು ಜಾರಿತು.

"ಇದು ಔಷಧ ಅಲ್ರಿ ಅಕ್ಕಾರ, ಊಟ. ಹಾಲಿನ ಊಟ ಅಂತ ತಿಳ್ಕೋರಿ."

ಅವ್ವ ಕೈ ಚಾಚಿದಳು. ಹನಿ ಇಳಿಯತೊಡಗಿದಾಗ ನನಗೆ ಹೋದ ಜೀವ ಬಂದಂತಾಯಿತು. ಸಂಜೆ ಬಿಸಿಲು ಇಳಿಯುತ್ತಲೇ ಅವಳು, "ಇದನ್ನ ಬಂದ್ ಮಾಡ್ರಿ" ಎಂದಳು. ಹೊತ್ತು ಮುಳುಗಿದ ಮೇಲೆ ಏನನ್ನೂ ಸೇವಿಸುವುದಿಲ್ಲವೆಂದು ಮದುವೆಯ ಹೊಸತರಲ್ಲಿ ಬಸದಿಯಲ್ಲಿ ವ್ರತ ತೆಗೆದುಕೊಂಡವಳು.

"ಬಾಯಾಗ ಹೋಗೂದಿಲ್ಲಲ್ರಿ. ಔಷಧ ಇದು," ಎಂದರು ಡಾಕ್ಟರು.

"ಮುಂಜಾನೆ ಊಟಾ ಅಂದ್ರಿ. ಸಂಜೀಕ ಔಷಧ ಹೆಂಗಾತ್ರಿ?"

ನನಗೆ ಮೈಯೆಲ್ಲ ಉರಿಯಿತು. "ನಿನ್ನ ವ್ರತ ನಿನ್ನನ್ನ ತಿನ್ನಾಕತ್ತೈತಿ, ಅವ್ವಾ!" ಎಂದು ಕೂಗಿದೆ. ಅವಳು ಸಿಟ್ಟಾಗಲಿಲ್ಲ.

"ಇಷ್ಟ ವರ್ಷದಾಗ ನಂದು ಅಂತ ಇರೂದು ಅದೊಂದ. ಅದನ್ನ ಕಸ್ಕೋಬ್ಯಾಡ."

ರಕ್ತದ ಬಾಟಲಿ ಹಚ್ಚುತ್ತೇನೆ, ಹಾಲಿನದೆಂದೇ ಹೇಳೋಣ, ಆಕೆಗೆ ತಿಳಿಯುವುದಿಲ್ಲ ಎಂದು ಡಾಕ್ಟರು ಅಪ್ಪನನ್ನು ಬದಿಗೆ ಕರೆದು ಕೇಳಿದರು. ಅಪ್ಪ ಅತ್ತ, ಆದರೆ ಒಪ್ಪಲಿಲ್ಲ. ಕಡೆಗೆ ಹಾಲಿನದನ್ನೇ ಹಗಲಲ್ಲಿ ತುಸು ಜೋರಾಗಿ ಬಿಟ್ಟರು. ಅವ್ವ ವಾಂತಿ ಮಾಡುತ್ತಿದ್ದಳು, ನಡುಗುತ್ತಿದ್ದಳು. ನಾನು ಕಂಬಳಿ ಹೊದಿಸಿ ಒತ್ತಿ ಹಿಡಿಯುತ್ತಿದ್ದೆ. ಇಳಿದದ್ದು ಸಾಲಲಿಲ್ಲ, ಗಾಯ ಕೂಡಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ.

ಕೊನೆಯ ಸಂಜೆ ಅವಳಿಗೆ ಮಂಪರು. ಹೊತ್ತು ಇಳಿದದ್ದು ತಿಳಿಯಲಿಲ್ಲ. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು, ಅದನ್ನು ನಿಲ್ಲಿಸಲು ಯಾರನ್ನೂ ಕರೆಯಲಿಲ್ಲ. ಡಾಕ್ಟರು ಒಳಗೆ ಬಂದು ಕಿಟಕಿಯ ಕಡೆ ನೋಡಿದರು. ಯಾರೂ ಹೇಳದೆ, ತಾವೇ ನಳಿಕೆಯ ಚಿಮಟ ಬಿಗಿದು ಹನಿ ನಿಲ್ಲಿಸಿದರು.

"ಹೊತ್ತ ಮುಳಗಾಕತ್ತೈತ್ರಿ, ಅಕ್ಕಾರ."

ಅವ್ವ ಕಣ್ಣು ತೆರೆದಳು. ಉಣಬಡಿಸಿದವರಿಗೆ ನಮಸ್ಕರಿಸುವಂತೆ ಕೈ ಜೋಡಿಸಲು ನೋಡಿದಳು. ಒಂದೇ ಕೈ ಎದ್ದಿತು.

"ನಂದು ಊಟಾ ಆತ್ರಿ," ಎಂದಳು. "ನಿಮ್ಮದು ಆತೇನ್ರಿ?"