ಸಿಳ್ಳೆಗೆ ನೀರು ಕುಡಿದ ಮೊಮ್ಮಗಳು

ನನ್ನ ಮೊಮ್ಮಗಳ ಎಡಗಡೆಯ ಕಿಡ್ನಿ ದುಡಿಯುತ್ತದೆ! ದುಮ್ಮವಾಡದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ಮುಗಿಸಿದ್ದೇನೆ. ಆದರೂ ಸಮಾಧಾನವಾಗದೆ ಬರೆಯಲು ಕೂತೆ. ಮೂರನೇ ಇಯತ್ತೆ ಓದಿದವನ ಬರಹ, ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಹುಡುಗಿಗೆ ಐದು ವರ್ಷ. ಮೇಲಿಂದ ಮೇಲೆ ಜ್ವರ, ಉಚ್ಚೆ ಹೊಯ್ಯುವಾಗ ಉರಿ. ಹುಬ್ಬಳ್ಳಿಯ ಡಾಕ್ಟರು ನೋಡಿ, ಎಡಗಡೆಯ ಕಿಡ್ನಿ ಉಬ್ಬಿದೆ, ಅದು ದುಡಿಯುತ್ತಿದೆಯೋ ಇಲ್ಲವೋ ಎಂದು ಇನ್ನೊಂದು ಸ್ಕ್ಯಾನ್ ಮಾಡಬೇಕು, ದುಡಿಯದಿದ್ದರೆ ತೆಗೆಯಬೇಕಾದೀತು ಎಂದರು. ಆ ಸ್ಕ್ಯಾನಿಗೆ ರಕ್ತದಲ್ಲಿ ಒಂದು ಔಷಧಿ ಬಿಡುತ್ತಾರೆ. ಅದು ಕಿಡ್ನಿಯೊಳಗೆ ಹೋಗಿ ಉಚ್ಚೆಗೆ ಇಳಿಯುವ ದಾರಿಯನ್ನೆಲ್ಲ ಕ್ಯಾಮೆರಾ ಹಿಡಿಯುತ್ತದೆ. ಔಷಧಿಯ ಕಿರಣ ಆ ದಿನವಿಡೀ ಮೈಯಲ್ಲಿ ಇರುವುದರಿಂದ ಬಸುರಿಯರು ದೂರ ಇರಬೇಕಂತೆ. ನಮ್ಮ ಸೊಸೆಗೆ ಏಳು ತಿಂಗಳು. ಹೀಗಾಗಿ ತಾಯಿಯ ಬದಲು ನಾನು ಮಗನ ಜೊತೆ ಹೊರಟೆ.

ಹಿಂದೊಮ್ಮೆ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಹೇಳಿದ್ದರು. ದವಾಖಾನೆಯೆಂದರೆ ಉಪವಾಸ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಸೊಸೆ ಕೊಟ್ಟ ನೀರಿನ ಬಾಟಲಿಯನ್ನು ನಾನೇ ಚೀಲದ ತಳಕ್ಕೆ ಸೇರಿಸಿದೆ. ಬಸ್ಸಿನಲ್ಲಿ ಮಗ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ.

"ಅಜ್ಜಾ, ನೀರ."

"ತಡಿ ನನ್ನವ್ವ. ಸೋಮಾರ ನಾ ಸಂಜೀತನಕ ಉಪಾಸ ಇರೂದಿಲ್ಲೇನ? ನಾನೂ ಇವತ್ತ ನಿನ್ನ ಕೂಡ ಏನೂ ಮುಟ್ಟೂದಿಲ್ಲ."

ದವಾಖಾನೆಯಲ್ಲಿ ಸಿಸ್ಟರ್ ಕೇಳಿದಳು: "ನೀರ ಎಷ್ಟ ಕುಡದಾಳ್ರಿ?"

"ಒಂದ ಹನೀನೂ ಇಲ್ರಿ!" ಎಂದೆ, ಎದೆಯುಬ್ಬಿಸಿ.

ಆಕೆ ಹಣೆ ಹಿಡಿದುಕೊಂಡಳು. "ಅಯ್ಯ ಅಜ್ಜಾರ! ಮೈಯಾಗ ನೀರಿಲ್ಲಂದ್ರ ಚಲೋ ಕಿಡ್ನೀನೂ ಕೆಟ್ಟಂಗ ಕಾಣ್ತೈತ್ರಿ. ಚೀಟಿ ಓದಲಿಲ್ಲೇನ್ರಿ?"

ನೀರು ಕುಡಿಸಿ ಕರೆತರಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ನನ್ನ ಕಿಸೆಯಲ್ಲೇ ಇತ್ತು. ಮಗ ನನ್ನನ್ನು ನೋಡಿದ. "ಅಪ್ಪಾ, ಬಾಟ್ಲಿ ಬಗಲಾಗ ಇಟಗೊಂಡು ಕೂಸಿನ್ನ ಒಣಗಿಸಿದೆಲ್ಲಪಾ!"

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆ ಔಷಧಿ ಅಂದಂದಿಗೇ ಬರುವುದಂತೆ, ಉಳಿಸಿಡಲು ಬರುವುದಿಲ್ಲ. ಮಧ್ಯಾಹ್ನದೊಳಗೆ ಕುಡಿಸಿ ಕರೆತನ್ನಿ ಎಂದರು. ಅಷ್ಟರಲ್ಲಿ ಹುಡುಗಿ ಸೂಜಿ ಕಂಡಿದ್ದಳು. ತುಟಿ ಬಿಚ್ಚಲೊಲ್ಲಳು. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ.

ನಮ್ಮ ಮನೆಯಲ್ಲಿ ಇನ್ನೂ ಒಂದು ಜೋಡಿ ಎತ್ತುಗಳಿವೆ. ಹೊಲದಿಂದ ಬಂದ ಮೇಲೆ ಅವನ್ನು ನೀರಿನ ಬಾನಿಯ ಮುಂದೆ ನಿಲ್ಲಿಸಿ ಸಣ್ಣಗೆ ಸಿಳ್ಳೆ ಹಾಕುತ್ತೇನೆ. ಸಿಳ್ಳೆ ನಿಲ್ಲುವ ತನಕ ಕುಡಿಯುತ್ತವೆ. ಮೊಮ್ಮಗಳು ದಿನಾ ನನ್ನ ಬಾಜು ನಿಂತು ನೋಡುವವಳು. ಬೇರೇನೂ ತೋಚದೆ ಅದೇ ಸಿಳ್ಳೆ ಹಾಕಿದೆ. ಸುತ್ತ ಕೂತ ಮಂದಿ ತಿರುಗಿ ನೋಡಿದರು.

ಹುಡುಗಿ ಓರೆಗಣ್ಣು ಮಾಡಿದಳು. "ನಾ ಬಿಳಿ ಎತ್ತೋ, ಕೆಂದ ಎತ್ತೋ?"

"ನೀ ಕೆಂದ ಎತ್ತು. ಅದ ಹೆಚ್ಚ ಕುಡೀತೈತಿ."

ಬಾಟಲಿಗೆ ಬಾಯಿ ಹಚ್ಚಿದಳು! ನನಗೆ ಮುಂದಿನ ಹಲ್ಲಿಲ್ಲ, ಗಾಳಿ ಹೆಚ್ಚು, ಸಿಳ್ಳೆ ಕಡಿಮೆ. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುವಳು. ಕೊನೆಗೆ ಬೈದ ಮಗನೇ ಬಂದು ಸಿಳ್ಳೆಗೆ ಕೂಡಿಕೊಂಡ.

ಸೂಜಿಗೆ ಒಂದೇ ಸಲ ಚೀರಿದಳು. ಆಮೇಲೆ ಕ್ಯಾಮೆರಾದ ಹಾಸಿಗೆಯ ಮೇಲೆ ಅರ್ಧ ತಾಸು ಅಲುಗಾಡದೆ ಮಲಗಬೇಕು. ತಲೆಯ ಹತ್ತಿರ ಕೂತು ಮೆಲ್ಲಗೆ ಸಿಳ್ಳೆ ಹಾಕಿದೆ.

"ಅಜ್ಜಾ, ಹಾಕಬ್ಯಾಡೋ, ಉಚ್ಚಿ ಬರ್ತಾವು!"

ಸಿಸ್ಟರ್ ನಗು ತಡೆಯಲಾರದೆ ಗೋಡೆ ಹಿಡಿದಳು.

ಸಂಜೆಗೆ ಡಾಕ್ಟರು ಕರೆದರು. ಚಿತ್ರದಲ್ಲಿ ಎರಡು ಕಿಡ್ನಿಯೂ ಹೊಳೆಯುತ್ತಿದ್ದವು. "ದಾರಿ ಒಂದೀಟು ಇಕ್ಕಟ್ಟೈತ್ರಿ, ಅದನ್ನ ನೋಡಕೋತ ಹೋಗೂಣು. ಆದ್ರ ಕಿಡ್ನಿ ಚಲೋ ದುಡೀತೈತಿ. ತಗಿಯೂದು ಬ್ಯಾಡ."

ಅವರ ಕೈ ಹಿಡಿದವನು ಬಿಡಲೇ ಇಲ್ಲ. ಮಗನೇ ಬಿಡಿಸಿದ.

ಊರಿಗೆ ಬಂದಾಗ ಸೊಸೆ ತಲಬಾಗಿಲಲ್ಲಿ ನಿಂತಿದ್ದಳು. ಮಗಳನ್ನು ಎತ್ತಿಕೊಳ್ಳುವಂತಿಲ್ಲ. ಹುಡುಗಿ ಅಂಗಳದಿಂದಲೇ ಕೂಗಿದಳು: "ಅವ್ವಾ, ಅಲ್ಲೇ ನಿಂದ್ರು! ನನ್ನ ಕಿಡ್ನಿ ದುಡೀತೈತಂತ! ನಾಳೆ ಎತ್ಕೊ!"

ಸೊಸೆ ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. "ನಾ ಕೊಟ್ಟ ನೀರ ಕುಡದ್ಯೇನ?"

"ಎಲ್ಲಾ ಕುಡದೆ. ಅಜ್ಜ ಸಿಳ್ಳಿ ಹಾಕಿದ."

ಬಾಟಲಿ ಬಚ್ಚಿಟ್ಟ ಮಾತು ಹೊರಬೀಳುವ ಮೊದಲೇ, ಎತ್ತಿಗೆ ನೀರು ಕುಡಿಸಬೇಕೆಂದು ನಾನು ಹಿತ್ತಲಿಗೆ ನಡೆದೆ. ಬಾನಿಯ ಮುಂದೆ ಎಷ್ಟು ಊದಿದರೂ ಸಿಳ್ಳೆ ಹೊರಡಲಿಲ್ಲ. ತುಟಿ ಒಣಗಿತ್ತು. ಬೆಳಿಗ್ಗೆಯಿಂದ ನಾನೂ ಹನಿ ನೀರು ಕುಡಿದಿರಲಿಲ್ಲ, ಮರೆತೇಬಿಟ್ಟಿದ್ದೆ.

ಮೊಮ್ಮಗಳು ಎರಡೂ ಕೈಯಲ್ಲಿ ಚೆಂಬು ಹಿಡಿದು ಬಂದಳು. ನನ್ನ ಮುಂದೆ ನಿಂತು, ಸಿಳ್ಳೆ ಬಾರದ ಬಾಯಿಯಿಂದ ಫೂ ಫೂ ಎಂದು ಊದತೊಡಗಿದಳು. ಅವಳು ನಿಲ್ಲಿಸುವ ತನಕ ಕುಡಿದೆ.